ಬಲಕ್ಕೆ ತಿರುಗಿಸಿದ ಗುಂಡಿ

ಮಣಿಕೊಂಡ, ಹೈದರಾಬಾದ್
12 ಜೂನ್ 2024

ಅಣ್ಣನಿಗೆ ಮಂದಾಕಿನಿಯ ನಮಸ್ಕಾರ.

ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತಿಗೆ ನಿನಗೆ ಕಾಗದ, ಲಕೋಟೆ, ಅಂಚೆ ಕಚೇರಿ ಎಲ್ಲ ಬೇಕು. "ಫೋನಿನ್ಯಾಗ ಬರೋದು ದನಿ ಅಲ್ಲ ಮಂದಾ, ದನಿಯ ಹೆಣ. ಏನರೆ ಹೇಳೋದಿದ್ರ ಬರದು ಹಾಕು" ಎಂದು ಮೇ ತಿಂಗಳಲ್ಲಿ ನಾವು ಬಂದಾಗ ನೀನು ಅಂದದ್ದಕ್ಕೆ ನಾನು ಎದುರು ಮಾತಾಡಲಿಲ್ಲ. ರೇಡಿಯೋ ಸ್ಟೇಷನ್ನಿನಲ್ಲಿ ಜೀವಮಾನವೆಲ್ಲ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಮಾಡಿದವನ ಮುಂದೆ ದನಿಯ ವಿಷಯ ಎತ್ತಲು ನಾನು ಯಾರು? ಬರೆದು ಹಾಕುತ್ತಿದ್ದೇನೆ, ಓದು.

ಕಲಬುರಗಿಯಿಂದ ಕಾರಿನಲ್ಲಿ ತಂದ ನಿನ್ನ ಎರಡು ಸ್ಪೀಕರ್ ನಮ್ಮ ಹಾಲ್‌ನಲ್ಲಿ ಒಂದೊಂದು ಮೂಲೆ ಹಿಡಿದು ಕೂತಿವೆ. ಬಂದವರೆಲ್ಲ ಏನಿವು ಎಂದು ಕೇಳುತ್ತಾರೆ. ಇವರು "ನಮ್ಮ ಭಾವನವರ ಸಾಮಾನು. ಸಾಮಾನು ಮುಂದ ಬಂದದ, ಸಾಹೇಬರು ಹಿಂದಿಂದ ಬರ್ತಾರ" ಅನ್ನುತ್ತಾರೆ. ಮಗಳು ಧನಶ್ರೀ ತನ್ನ ಆಫೀಸಿನ ಮೇಜನ್ನು ಮಲಗುವ ಕೋಣೆಗೆ ಎಳೆದುಕೊಂಡು ಮೂರನೆಯ ಕೋಣೆಯನ್ನು ನಿನಗೆಂದು ಖಾಲಿ ಮಾಡಿದ್ದಾಳೆ. ನಿನ್ನ ಮನೆಯ ಮಾಲಕರು ದೀಪಾವಳಿಗೆ ಕಟ್ಟಡ ಕೆಡವುತ್ತಾರೆ ಎಂದ ಮೇಲೆ ಇನ್ನು ಯೋಚನೆ ಮಾಡುವುದೇನಿದೆ? ಮದುವೆ ಮಾಡಿಕೊಳ್ಳಲಿಲ್ಲ, ಒಬ್ಬನೇ ಇದ್ದೆ, ಸರಿ. ಈಗ ಬಾ.

"ಬರೇ ಟೀವಿ ಒದರೋ ಮನಿಗೆ ನಾ ಬರೂದಿಲ್ಲ" ಎಂಬ ನಿನ್ನ ಷರತ್ತು ನೆನಪಿದೆ. ಹಳೆಯ ಆಂಪ್ಲಿಫೈಯರ್ ಕೆಟ್ಟಿತು ಎಂದೆಯಲ್ಲ, ಹೊಸದು ನಾವೇ ತರುತ್ತೇವೆ. ಎಂಥದ್ದು ತರಬೇಕು ಬರೆ. ಆದರೆ ಇದು ನಾಲ್ಕು ಜನರ ಮನೆ ಎನ್ನುವುದು ತಲೆಯಲ್ಲಿರಲಿ. ಟೀವಿಯ ಕೆಳಗಿನ ಶೆಲ್ಫಿನಲ್ಲಿ ಹಿಡಿಸುವಷ್ಟು ಚಿಕ್ಕದಿರಬೇಕು. ಇವರು ವೈರು ಕಂಡರೆ ಹಾವು ಕಂಡ ಹಾಗೆ ಮಾಡುತ್ತಾರೆ. ನನಗೆ ಮಿಕ್ಸರಿನ ಮೂರು ಸ್ಪೀಡ್ ಬಿಟ್ಟರೆ ಬೇರೆ ಗುಂಡಿ ತಿರುಗಿಸಿ ಗೊತ್ತಿಲ್ಲ. ಧನಶ್ರೀ ಮನೆಯ ಸಾಲ ಕಟ್ಟುವವಳು, ದುಬಾರಿಯದಾಗಬಾರದು.

ನಿನ್ನ ತಂಗಿ
ಮಂದಾ

* * *

ಕಲಬುರಗಿ
22 ಜೂನ್ 2024

ಚಿ. ಮಂದಾಕಿನಿಗೆ ಆಶೀರ್ವಾದ.

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಇರುವೆ ಸಾಲೇ. ಆದರೂ ಓದಲು ಬರುತ್ತದೆ, ಚಿಂತೆಯಿಲ್ಲ.

ಅಂಗಡಿಯವನು ವ್ಯಾಟ್ ಲೆಕ್ಕ ಹೇಳಿ ಹೆದರಿಸುತ್ತಾನೆ. ಹೆದರಬೇಡ. ನಿಮ್ಮ ಹಾಲ್‌ಗೆ ಇಪ್ಪತ್ತು ವ್ಯಾಟ್ ಬೇಕಾದಷ್ಟಾಯಿತು. ಮೈತುಂಬ ಬಣ್ಣದ ದೀಪ ಇರುವುದನ್ನು ತರಬೇಡ, ಅದು ಲಗ್ನದ ಮನೆಗೆ ಸರಿ. ಎರಡು ಸ್ಪೀಕರ್‌ಗೆ ಎರಡು ದಾರಿ, ಪೆನ್ ಡ್ರೈವ್ ಹಾಕಲು ಒಂದು ಕಿಂಡಿ, ನಾಲ್ಕು ಗುಂಡಿ: ವಾಲ್ಯೂಮ್, ದಪ್ಪ ದನಿಗೆ ಬಾಸ್, ಸಣ್ಣ ದನಿಗೆ ಟ್ರೆಬಲ್, ಆಮೇಲೆ ಬ್ಯಾಲೆನ್ಸ್. ಬ್ಯಾಲೆನ್ಸ್ ಅಂದರೆ ಎಡ ಸ್ಪೀಕರ್ ಬಲ ಸ್ಪೀಕರ್ ಎರಡನ್ನೂ ತೂಗುವ ಗುಂಡಿ. ಈಗಿನವರು ಅದನ್ನು ಇಡುವುದೇ ಇಲ್ಲ. ಅದಿಲ್ಲದ್ದು ನನಗೆ ಬೇಡವೇ ಬೇಡ. ನನ್ನ ಹಳೆಯದರ ಬಲಗಡೆ ದನಿ ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಬಂತು. ಆ ಗುಂಡಿ ಇದ್ದದ್ದಕ್ಕೆ ಇಷ್ಟು ದಿನ ಹೇಗೋ ನಡೆಯಿತು.

ಇದರ ಜೊತೆ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ. ಸುರಪುರದ ಕಡೆಯ ಹಂಪಯ್ಯ ಎಂಬಾತನ ತತ್ವಪದ. ನಿವೃತ್ತನಾಗುವ ವರ್ಷ ಅವನ ಊರಿಗೆ ಹೋಗಿ ನಾನೇ ರೆಕಾರ್ಡ್ ಮಾಡಿದ್ದು. ಬಲಗಡೆಯ ಮೈಕು ಅವನ ಏಕತಾರಿಯ ಹತ್ತಿರ ಇತ್ತು. ಎಡಗಡೆಯದನ್ನು ಅವನ ತಮ್ಮನ ಪಾದದ ಬಳಿ ಇಟ್ಟಿದ್ದೆ. ಆತ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕೂತಲ್ಲೇ ತಾಳ ಹಾಕುತ್ತಾನೆ. ಒಳ್ಳೆಯ ಆಂಪ್ಲಿಫೈಯರ್ ಆದರೆ ಆ ಗೆಜ್ಜೆ ಕಾಳು ಕಾಳಾಗಿ ಕೇಳಬೇಕು. ಕೇಳಿ, ಕೇಳಿದ್ದನ್ನು ಬರೆ. 'ಛಲೋ ಇತ್ತು' ಎಂದು ಬರೆಯಬೇಡ. ಅದು ಲಗ್ನದ ಉಪ್ಪಿಟ್ಟಿಗೆ ಹೇಳುವ ಮಾತು. ಗೆಜ್ಜೆ ಎಲ್ಲಿಂದ ಬಂತು, ಹೇಗೆ ಬಂತು, ಯಾವಾಗ ನಿಂತಿತು, ಎಲ್ಲ ಬರೆ.

ಆಂಪ್ಲಿಫೈಯರ್ ನಿಶ್ಚಯವಾಗಲಿ. ಬರುವ ಮಾತು ಆಮೇಲೆ.

ಜಯತೀರ್ಥ

* * *

ಮಣಿಕೊಂಡ
15 ಜುಲೈ 2024

ಅಣ್ಣ,

ಇಲ್ಲಿ ಬೋನಾಲು ಹಬ್ಬ ನಡೆದಿದೆ. ಗಲ್ಲಿಗೊಂದು ಮೈಕು, ಮೈಕಿಗೊಂದು ಹಾಡು. ನೀನಿದ್ದಿದ್ದರೆ ಕಂಬ ಹತ್ತಿ ವೈರು ಕಿತ್ತುಹಾಕುತ್ತಿದ್ದೆ.

ಸುಲ್ತಾನ್ ಬಜಾರಿಗೆ ಹೋಗಿದ್ದೆ. ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಸಾಲಾಗಿ ಇಂಥ ಅಂಗಡಿಗಳೇ. ನಲವತ್ತು ವರ್ಷ ಮುಂದುಗಡೆ ಸೀರೆ ಕೊಂಡಿದ್ದೇನೆ, ಹಿಂದೆ ಇದೆಲ್ಲ ಇರುವುದು ಗೊತ್ತೇ ಇರಲಿಲ್ಲ. ಇವರು ಜೊತೆಗಿದ್ದರು, ಅಂದರೆ ಬಾಗಿಲಲ್ಲಿ ನಿಂತಿದ್ದರು. ಮೊದಲನೆಯ ಅಂಗಡಿಯವನು ನನ್ನ ನೆರೆತ ತಲೆ ನೋಡಿ "ಅಮ್ಮಾ, ಭಜನ್ ಕಾ ಚಾಹಿಯೇ ನಾ? ಯೇ ಲೇಲೋ" ಎಂದು ಒಂದು ಪ್ಲಾಸ್ಟಿಕ್ಕಿನ ಗಣಪತಿ ತೋರಿಸಿದ. ಅದರ ಹೊಟ್ಟೆಯಲ್ಲಿ ನೂರೆಂಟು ಹಾಡು ಇವೆಯಂತೆ. ನಾನು ನಮಸ್ಕಾರ ಮಾಡಿ ಮುಂದೆ ನಡೆದೆ.

ಮೂರನೆಯದು ವಿನಾಯಕ ಎಂಬುವನ ಅಂಗಡಿ. ಬೀದರ ಕಡೆಯವನು, ಕನ್ನಡ ಮಾತಾಡಿದ. "ಕೂಡ್ರಿ ಅಕ್ಕಾರ, ಯಾರ ಸಲುವಾಗಿ ಬೇಕು?" ಎಂದ. ನಮ್ಮ ಅಣ್ಣನ ಸಲುವಾಗಿ ಎಂದೆ. ಎರಡು ತೋರಿಸಿದ. ಒಂದು ಗೋಧಿ ಡಬ್ಬಿಯಷ್ಟು ದೊಡ್ಡದು. ಇನ್ನೊಂದು ಕರಿಯದು, ನಮ್ಮ ಮಸಾಲೆ ಡಬ್ಬಿಗಿಂತ ಸ್ವಲ್ಪ ಅಗಲ, ನಾಲ್ಕೇ ಗುಂಡಿ. ಬೆಲೆಯೂ ಎಟುಕುವ ಹಾಗಿತ್ತು. ನಿನ್ನ ಪೆನ್ ಡ್ರೈವ್ ಹಾಕಿದೆವು.

ಮೊದಲು ಏಕತಾರಿ ಬಂತು. ಆಮೇಲೆ ಹಂಪಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಎರಡನೆಯ ಸಾಲಿಗೆ ಗೆಜ್ಜೆ. ಅಣ್ಣ, ಸುಳ್ಳು ಹೇಳುವುದಿಲ್ಲ, ನನ್ನ ಎಡಗಡೆ ಹಿಂದೆ ಯಾರೋ ಬಂದು ನಿಂತರು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗೆಜ್ಜೆ ಗಟ್ಟಿಯಾಗಿ ಇರಲಿಲ್ಲ, ಸಣ್ಣಗಿತ್ತು. ಹಸಿ ಕಡಲೆಕಾಯಿಯನ್ನು ಬುಟ್ಟಿಯಲ್ಲಿ ಅಲುಗಾಡಿಸಿದ ಹಾಗಲ್ಲ, ಒಣಗಿದ್ದನ್ನು ಅಲುಗಾಡಿಸಿದ ಹಾಗೆ. ಹಾಡು ಮುಗಿದ ಮೇಲೂ ಆತ ಕಾಲು ಎಳೆದುಕೊಂಡನಲ್ಲ, ಆಗ ಎರಡು ಕಾಳು ಮಾತ್ರ ಅಂದವು. ವಿನಾಯಕ ಬೇರೆ ಗಿರಾಕಿಗೆ "ಜರಾ ಠಹರೋ ಭಾಯ್" ಎಂದು ತಾನೂ ನಿಂತು ಕೇಳಿದ.

ಕರಿಯದು ನನ್ನ ಮನಸ್ಸಿಗೆ ಬಂದಿದೆ. ನೀನು ಹೂಂ ಅನ್ನುವವರೆಗೆ ಕೊಳ್ಳುವುದಿಲ್ಲ. ಬೇಗ ಬರೆ.

ಮಂದಾ

* * *

ಕಲಬುರಗಿ
24 ಜುಲೈ 2024

ಮಂದಾ,

ಒಣಗಿದ ಕಡಲೆಕಾಯಿ! ಇಡೀ ಸರ್ವಿಸಿನಲ್ಲಿ ಒಬ್ಬ ಪ್ರೊಡ್ಯೂಸರ್ ಇಂಥ ಮಾತು ಆಡಲಿಲ್ಲ. ನಿನ್ನನ್ನು ಬಿ.ಎ.ಗೆ ನಿಲ್ಲಿಸಿ ಮದುವೆ ಮಾಡಿದ್ದು ಅಪ್ಪನ ತಪ್ಪು.

ಕಾಗದವನ್ನು ಹಲವು ಸಲ ಓದಿದೆ. ಇನ್ನೂ ಕೇಳುವುದಿದೆ. ಹಂಪಯ್ಯ ಕೆಮ್ಮಿದ ಮೇಲೆ ದೂರದಲ್ಲಿ ಒಂದು ಆಡು ಕೂಗುತ್ತದೆ, ಕೇಳಿತೇ? ಮೂರನೆಯ ನುಡಿಯಲ್ಲಿ ಗೆಜ್ಜೆ ತಾಳಕ್ಕಿಂತ ಚೂರು ಹಿಂದೆ ಬೀಳುತ್ತದೆ, ಬೇಕೆಂದೇ. ಅದು ಕೇಳಿತೇ? ಪೆನ್ ಡ್ರೈವ್‌ನಲ್ಲಿ ಇನ್ನೂ ಹತ್ತಾರು ಪದ ಇವೆ. ಒಂದೊಂದನ್ನೂ ಕೇಳಿ ಬರೆ. ದೊಡ್ಡದರಲ್ಲೂ ಹಾಕಿಸಿ ಕೇಳು, ಎರಡಕ್ಕೂ ಏನು ಫರಕು ಬರೆ. ಅವಸರ ಮಾಡಬೇಡ.

ಅಂಗಡಿಯವರು ಗುಂಡಿಗಳನ್ನು ಗಿರಾಕಿಗೆ ಮೋಡಿ ಮಾಡುವ ಹಾಗೆ ಇಟ್ಟಿರುತ್ತಾರೆ. ಅದು ನಿಜವಾದ ದನಿಯಲ್ಲ. ಇದರ ಹಿಂದೆ ಒಂದು ಚಿತ್ರ ಬರೆದಿದ್ದೇನೆ. ನಾಲ್ಕು ಗುಂಡಿಯ ಕಡ್ಡಿ ಎಲ್ಲೆಲ್ಲಿ ಇರಬೇಕೆಂದು ಅದರಲ್ಲಿದೆ. ನನ್ನ ಹಳೆಯದರಲ್ಲಿ ಹೀಗೇ ಇಟ್ಟು ಕೇಳುತ್ತಿದ್ದೆ. ಹಾಗೇ ಇಟ್ಟು ಕೇಳು. ಒಮ್ಮೆ ಇಟ್ಟ ಮೇಲೆ ಯಾರೂ ಮುಟ್ಟಬಾರದು.

ಜಯತೀರ್ಥ

* * *

ಮಣಿಕೊಂಡ
14 ಆಗಸ್ಟ್ 2024

ಅಣ್ಣ,

ಪಂಚಮಿ ಉಂಡಿಯ ಡಬ್ಬಿ ತಲುಪಿರಬೇಕು. ಎಳ್ಳಿನದನ್ನು ಮೊದಲು ಮುಗಿಸು.

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ವಿನಾಯಕನ ಅಂಗಡಿಗೆ ಮತ್ತೆ ಹೋಗಿ, ನಿನ್ನ ಚಿತ್ರ ಮುಂದಿಟ್ಟುಕೊಂಡು, ಒಂದೊಂದು ಗುಂಡಿಯನ್ನೂ ನೀನು ಹೇಳಿದ ಹಾಗೇ ಇಟ್ಟು ಕೇಳಿದೆ. ಬಾಸ್ ಪೂರ್ತಿ ಕೆಳಗೆ, ಟ್ರೆಬಲ್ ಪೂರ್ತಿ ಮೇಲೆ, ಬ್ಯಾಲೆನ್ಸ್ ಬಲಗಡೆ ಕಟ್ಟಕಡೆಗೆ. ಅಣ್ಣ, ಗೆಜ್ಜೆ ಹೋಗೇಬಿಟ್ಟಿತು. ಎಲ್ಲೂ ಇಲ್ಲ. ಏಕತಾರಿ ಮಾತ್ರ ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಹಂಪಯ್ಯ ಮೂಗಿನಲ್ಲಿ ಹಾಡುತ್ತಾನೆ. ಐದು ನಿಮಿಷ ಕೂರುವಷ್ಟರಲ್ಲಿ ತಲೆನೋವು. ಇವರು ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತರು.

ತಪ್ಪು ನನ್ನದೇ ಇರಬೇಕು ಎಂದು ದಿನಾ ಕೇಳುತ್ತಿದ್ದೇನೆ. ನಿನ್ನೆ ಎಲ್ಲೋ ಒಂದು ಕಡೆ ಗೆಜ್ಜೆ ಬಂತು ಅನ್ನಿಸಿತು, ಅಷ್ಟರಲ್ಲಿ ಮೂರನೆಯ ಸೀಟಿ ಆಯಿತು, ಅದರಲ್ಲಿ ಮುಳುಗಿಹೋಯಿತು. ಆಡು ಕೂಗಿದ್ದು ಕೇಳಿತು. ಅದಕ್ಕೂ ನೆಗಡಿಯಾದ ಹಾಗಿತ್ತು.

ಏನು ಮಾಡಲಿ?

ಮಂದಾ

* * *

ಕಲಬುರಗಿ
23 ಆಗಸ್ಟ್ 2024

ಮಂದಾ,

ವಿನಾಯಕನ ಅಂಗಡಿಯಲ್ಲಿ ಕುಕ್ಕರು ಇಟ್ಟಿದ್ದಾರೆಯೇ? ಮೂರು ಸೀಟಿಗೆ ಅನ್ನ ಇಳಿಸಿದರೋ, ನಾಲ್ಕಕ್ಕೋ? ಬಾಲ್ಕನಿ ಬೇರೆ ಇದೆ. ಸುಲ್ತಾನ್ ಬಜಾರ್ ಭಾಳ ಸುಧಾರಿಸಿದೆ ಬಿಡು. ಸಣ್ಣವಳಿದ್ದಾಗ ಬೆಲ್ಲ ಕದ್ದು ತಿಂದು ಬಾಯಿ ಒರೆಸಿಕೊಳ್ಳುವುದನ್ನು ಮರೆಯುತ್ತಿದ್ದೆ. ಈಗಲೂ ಅದೇ.

ಕೊಂಡಿದ್ದರೆ ಕೊಂಡಿದ್ದೀ. ಆದರೆ ಗೆಜ್ಜೆ ಕೇಳದಿದ್ದ ಮೇಲೆ ಅದು ಆಂಪ್ಲಿಫೈಯರ್ ಅಲ್ಲ, ಡಬ್ಬಿ. ಯಾರಿಗಾದರೂ ಕೊಟ್ಟುಬಿಡು. ಬೇರೆ ಅಂಗಡಿ ನೋಡು, ಬೇರೆಯದು ಕೇಳು, ಕೇಳಿದ್ದನ್ನು ಬರೆ. ಜುಲೈನಲ್ಲಿ ಬರೆದ ಹಾಗೆ ಬರೆ.

ಮಾಲಕರು ನಿನ್ನೆಯೂ ಬಂದಿದ್ದರು. ಮಂತ್ರಾಲಯದಲ್ಲಿ ಒಂದು ಖೋಲಿ ಸಿಗುತ್ತದೆಯೇ ಎಂದು ವಿಚಾರಿಸಿದ್ದೇನೆ. ನಿಮಗೂ ತೊಂದರೆ ತಪ್ಪುತ್ತದೆ.

ಜಯತೀರ್ಥ

* * *

ಮಣಿಕೊಂಡ
30 ಆಗಸ್ಟ್ 2024

ಅಣ್ಣ,

ಹೌದು, ಕೊಂಡೆ. ಜುಲೈನಲ್ಲೇ, ಮೊದಲ ದಿನವೇ ಕೊಂಡೆ. ನಿನ್ನ ಹೂಂಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ವಿನಾಯಕ ವಾಪಸು ತಗೊಳ್ಳುವುದಿಲ್ಲ.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು, ಅಳುವೂ ಬಂತು. ಮಂತ್ರಾಲಯವಂತೆ! ಒಂದು ತಂದರೆ ಅದು ಸರಿಯಿಲ್ಲ, ಇನ್ನೊಂದು ನೋಡು. ಇನ್ನೊಂದು ತಂದರೆ ಅದೂ ಸರಿಯಿರುವುದಿಲ್ಲ. ನನಗೆ ತಿಳಿಯುತ್ತದೆ. ನಿನಗೆ ಬರುವ ಮನಸ್ಸಿಲ್ಲ. ಇದು ನನ್ನ ಗಂಡನ ಮನೆಯಾಗಿದ್ದರೆ ಬರುತ್ತಿದ್ದೆ. ಇದು ಧನಶ್ರೀ ಕೊಂಡ ಮನೆ. ಸೋದರ ಸೊಸೆಯ ಸಂಬಳದ ಅನ್ನ ತಿನ್ನಬೇಕಲ್ಲ ಎಂದು ಹಿಂಜರಿಯುತ್ತಿದ್ದೀ. ನಾವಿಬ್ಬರೂ ತಿನ್ನುತ್ತಿದ್ದೇವೆ, ನಮಗೇನಾಗಿದೆ? ನಿನ್ನೆ ಅವಳು "ಅವ್ವಾ, ಮಾಮಾ ಯಾಕ ಬರವಲ್ಲರು? ನಾ ಏನರೆ ಅಂದೇನು?" ಎಂದು ಕೇಳಿದಳು. ಏನೆಂದು ಉತ್ತರ ಕೊಡಲಿ?

ಬರುವುದಿಲ್ಲ ಎಂದರೆ ನೇರವಾಗಿ ಹೇಳು. ಪಾಪದ ಡಬ್ಬಿಯ ಮೇಲೆ ಯಾಕೆ ಹಾಕುತ್ತೀ?

ಮಂದಾಕಿನಿ

* * *

ಮಣಿಕೊಂಡ
20 ಸೆಪ್ಟೆಂಬರ್ 2024

ಅಣ್ಣ,

ನಿನ್ನಿಂದ ಕಾಗದವಿಲ್ಲ. ಸಿಟ್ಟಿನಲ್ಲಿ ಬರೆದೆ, ಮರೆತುಬಿಡು. ಈ ಕಾಗದ ಬೇರೆ ವಿಷಯಕ್ಕೆ. ಗಣಪತಿ ಹಬ್ಬದಿಂದ ಇದನ್ನು ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ.

ಹಬ್ಬದ ಹಿಂದಿನ ದಿನ ಧನಶ್ರೀ ಶೆಲ್ಫ್ ಒರೆಸಿದಳು. ಬಟ್ಟೆ ತಗುಲಿ ನಿನ್ನ ಗುಂಡಿ ತಿರುಗಿತು. ನನಗೆ ಗೊತ್ತಾಗಲಿಲ್ಲ. ಸಂಜೆ ಮೋದಕಕ್ಕೆ ಕಾಯಿ ತುರಿಯುತ್ತಾ ಹಂಪಯ್ಯನ ಪದ ಹಾಕಿದೆ. ಎರಡನೆಯ ಸಾಲಿಗೆ ಎಡಗಡೆಯ ಮೂಲೆಯಿಂದ ಗೆಜ್ಜೆ ಬಂತು. ಜುಲೈನಲ್ಲಿ ಕೇಳಿದ್ದೇ ಗೆಜ್ಜೆ. ಇವರು ಪೇಪರು ಕೆಳಗಿಟ್ಟು "ಈಗ ಹಾಡಿನ್ಹಂಗ ಆತು ನೋಡು" ಎಂದರು. ಎದ್ದು ನೋಡಿದರೆ ಬ್ಯಾಲೆನ್ಸಿನ ಕಡ್ಡಿ ನಡುವೆ ಬಂದು ನಿಂತಿದೆ.

ಧನಶ್ರೀ ಆಗಸ್ಟಿನಲ್ಲೇ ಹೇಳಿದ್ದಳು, "ಅವ್ವಾ, ಅದು ನಡುವ ಇರಬೇಕು, ಇಲ್ಲಂದ್ರ ಎಡಗಡೆದು ಬಂದ್ ಆಗ್ತದ" ಎಂದು. ದೊಡ್ಡವರು ಬರೆದು ಕೊಟ್ಟದ್ದಕ್ಕೆ ಕೈ ಹಚ್ಚಬೇಡ ಎಂದು ಗದರಿದ್ದೆ. ನೀನು ಹೇಳಿದ ಮೇಲೆ ಮುಗಿಯಿತು, ನಮ್ಮ ಮನೆಯಲ್ಲಿ ಅದೇ ಅಭ್ಯಾಸವಲ್ಲವೇ? ಒಂದು ತಿಂಗಳು ಮೂರು ಜನ ತಲೆನೋವು ತಡೆದುಕೊಂಡು ಒಂದೇ ಸ್ಪೀಕರಿನಲ್ಲಿ ಅರ್ಧ ಹಾಡು ಕೇಳಿದೆವು.

ಅಣ್ಣ, ನಮ್ಮ ಅತ್ತೆಯವರು ಕೊನೆಕೊನೆಗೆ ಸಾರಿಗೆ ಉಪ್ಪು ಹಾಕುತ್ತಲೇ ಇರುತ್ತಿದ್ದರು. ಸಪ್ಪೆ, ಸಪ್ಪೆ ಎಂದು ಇನ್ನೊಂದು ಚಿಟಿಕೆ, ಇನ್ನೊಂದು ಚಿಟಿಕೆ. ನಾವು ಮಾತಾಡದೆ ಉಣ್ಣುತ್ತಿದ್ದೆವು. ಸಪ್ಪೆಯಾದದ್ದು ಸಾರಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನೀನು ಆ ಗುಂಡಿಯನ್ನು ಬಲಕ್ಕೆ, ಇನ್ನಷ್ಟು ಬಲಕ್ಕೆ ತಿರುಗಿಸುತ್ತಾ ಹೋದದ್ದು ಯಾಕೆ? ಟ್ರೆಬಲ್ ತುದಿಗೆ ಹೋದದ್ದು ಯಾಕೆ? ಮೇ ತಿಂಗಳಲ್ಲಿ ಆಟೋದಲ್ಲಿ, ಊಟಕ್ಕೆ, ಗುಡಿಯಲ್ಲಿ, ಎಲ್ಲ ಕಡೆ ನನ್ನನ್ನು ಎಳೆದು ಎಡಗಡೆಗೇ ಕೂರಿಸಿಕೊಂಡೆ. ಫೋನು ಬೇಡ, ಬರೆ ಎಂದೆ. ನಾನು ನಿನ್ನ ಹುಚ್ಚುತನ ಎಂದು ನಗುತ್ತಿದ್ದೆ.

ನಾನು ತಪ್ಪು ತಿಳಿದಿದ್ದೇನೆ ಎಂದು ಬರೆ ಅಣ್ಣ. ಬೈದು ಬರೆ.

ಮಂದಾ

* * *

ಕಲಬುರಗಿ
8 ಅಕ್ಟೋಬರ್ 2024

ಮಂದಾ,

ತಪ್ಪು ತಿಳಿದಿಲ್ಲ. ಎಲ್ಲ ಮುಚ್ಚಿಟ್ಟವನು ಗುಂಡಿಗಳ ಚಿತ್ರ ಬರೆಯುವಾಗ ಮೈಮರೆತೆ.

ಬಲಗಿವಿ ಹೋಗಿ ಬಹಳ ದಿನವಾಯಿತು. ಮೊದಲು ಆಂಪ್ಲಿಫೈಯರ್ ಕೆಟ್ಟಿದೆ ಎಂದೇ ನಂಬಿದ್ದೆ. ವೈರು ಬದಲಿಸಿದೆ, ಬಿಚ್ಚಿ ಬೆಸುಗೆ ಹಾಕಿದೆ, ಎಡದ ದಾರಿಗೆ ಬಲದ ಸ್ಪೀಕರ್ ಹಚ್ಚಿ ಅದಲು ಬದಲು ಮಾಡಿದೆ. ಅದಲು ಬದಲು ಮಾಡಿದಾಗಲೂ ಬಲಗಡೆಯೇ ಸೊರಗಿತ್ತು. ಅವತ್ತೇ ತಿಳಿಯಬೇಕಿತ್ತು. ತಿಳಿಯಿತು ಕೂಡ. ಆದರೆ ಗುಂಡಿ ತಿರುಗಿಸುವುದು ಸುಲಭವಾಗಿತ್ತು. ಕೊನೆಗೆ ಅದನ್ನು ಹಂಪಯ್ಯನಿಗೆ ಕೊಟ್ಟೆ. ಅವನು ಹಾಕಿ ನೋಡಿ ಮರುವಾರ ಬಂದು "ಸಾಹೇಬ್ರ, ಇದೇನೂ ಕೆಟ್ಟಿಲ್ಲರಿ, ಎರಡೂ ಕಡಿ ಛಲೋ ಬರ್ತೈತಿ" ಎಂದ. ಅವನ ತುಟಿ ನೋಡಿ ತಿಳಿದುಕೊಂಡೆ. ಯಾಕೆಂದರೆ ಈ ಶಿವರಾತ್ರಿಯಿಂದ ಎಡಗಿವಿಯೂ ಬಾಗಿಲು ಹಾಕಿಕೊಳ್ಳುತ್ತಿದೆ.

ಡಾಕ್ಟರಿಗೆ ತೋರಿಸಿದ್ದೇನೆ, ಅದನ್ನು ಕೇಳಬೇಡ. ಬಲಗಡೆಯ ನರ ಸತ್ತಿದೆ. ಎಡಕ್ಕೆ ಮಶೀನು ಕೊಟ್ಟರು. ಹಾಕಿಕೊಂಡರೆ ಬಚ್ಚಲಲ್ಲಿ ಪಾತ್ರೆ ಬಿದ್ದ ಹಾಗೆ ಸಪ್ಪಳ ಬರುತ್ತದೆ, ಮಾತು ಬರುವುದಿಲ್ಲ. ಸಂಗೀತವಂತೂ ಬರುವುದೇ ಇಲ್ಲ. ಡ್ರಾವರಿನಲ್ಲಿಟ್ಟಿದ್ದೇನೆ.

ಧನಶ್ರೀಯ ಅನ್ನದ ವಿಷಯ ನೀನು ಬರೆದದ್ದು ಓದಿ ನನಗೆ ನಾಚಿಕೆಯಾಯಿತು. ಅದು ಕನಸಿನಲ್ಲೂ ಇರಲಿಲ್ಲ. ಅವಳಿಗೆ ಹಾಗೆಂದು ಹೇಳು.

ನಿಜ ಬರೆಯುತ್ತೇನೆ. ಆಂಪ್ಲಿಫೈಯರ್‌ನಿಂದ ನನಗೆ ಏನೂ ಆಗಬೇಕಾಗಿರಲಿಲ್ಲ. ಸುಮ್ಮನೆ ಒಂದು ನೆಪಕ್ಕೆ ಕೇಳಿ ಬರೆ ಎಂದೆ. ಹಿಂದೆ ಯಾರೋ ಬಂದು ನಿಂತರು ಎಂದು ತಿರುಗಿ ನೋಡಿದೆ ಎಂದು ನೀನು ಬರೆದೆ. ಅದನ್ನು ಓದುವಾಗ ಗೆಜ್ಜೆ ನನಗೆ ಕೇಳಿತು. ಎಷ್ಟೋ ದಿನದ ಮೇಲೆ ಕೇಳಿತು ಮಂದಾ. ಅದಕ್ಕೇ ಇನ್ನೊಂದು ಅಂಗಡಿ, ಇನ್ನೊಂದು ಪದ ಎಂದು ನಿನ್ನನ್ನು ಸುತ್ತಿಸಿದೆ. ಒಂದನ್ನು ಒಪ್ಪಿಬಿಟ್ಟರೆ ನೀನು ಬರೆಯುವುದು ನಿಲ್ಲುತ್ತಿತ್ತು.

ಬರಲು ಹೆದರುವುದೂ ಅದಕ್ಕೇ. ಇಲ್ಲಿ ಒಬ್ಬನೇ ಇದ್ದೇನೆ, ಮಾತಾಡುವವರು ಯಾರೂ ಇಲ್ಲ, ಕೇಳದಿರುವುದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನೀವು ಮೂವರು ದಿನವಿಡೀ ಮಾತಾಡುತ್ತೀರಿ, ನಗುತ್ತೀರಿ. ಎದುರಿಗೇ ಇರುವವನಿಗೆ ಯಾರು ಕಾಗದ ಬರೆಯುತ್ತಾರೆ?

ಮಂತ್ರಾಲಯದಲ್ಲಿ ಒಂಟಿ ಮುದುಕರಿಗೆ ಖೋಲಿ ಕೊಡುವುದು ಕಷ್ಟ ಎಂದರು. ಮನೆ ಬಿಡಲೇಬೇಕು. ಬೇರೆ ದಾರಿಯಿಲ್ಲ, ಬರುತ್ತೇನೆ. ದೀಪಾವಳಿಯ ಮರುವಾರ ಸಾಮಾನು ಹಾಕಿಕೊಂಡು ಟೆಂಪೋದಲ್ಲೇ ಬರುತ್ತೇನೆ. ಗುಂಡಿಯನ್ನು ನಡುವೆ ಇಡು. ನೀವು ಪೂರ್ತಿ ಕೇಳಿರಿ. ನಿನ್ನ ಯಜಮಾನರು ಆನಂದಕುಮಾರರಿಗೆ ಒಂದು ವಿನಂತಿ: ನನ್ನ ಹತ್ತಿರ ಒದರಬಾರದು.

ಜಯತೀರ್ಥ

* * *

ಮಣಿಕೊಂಡ, ನಮ್ಮದೇ ಅಡುಗೆಮನೆ
17 ನವೆಂಬರ್ 2024, ಭಾನುವಾರ

ಅಣ್ಣ,

ನೀನು ಗೋಡೆಯ ಆಚೆ ಮಲಗಿದ್ದೀ. ಇದಕ್ಕೆ ಸ್ಟ್ಯಾಂಪು ಬೇಡ. ಸಂಜೆ ಚಹಾದ ಬಸಿಯ ಕೆಳಗೆ ಇಡುತ್ತೇನೆ.

ನೀನು ಬಂದು ವಾರವಾಯಿತು, ನಾನು ಒಂದು ಸಾಲೂ ಬರೆದಿರಲಿಲ್ಲ. ಬರೆಯಬೇಕೆಂದೇ ಇದ್ದೆ. ಆದರೆ ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಹತ್ತು ಮಾತು ಆಗಿಹೋಗುತ್ತವೆ. ಮಾತಿನ ಹಿಂದೆ ಕೈ ಓಡುವುದಿಲ್ಲ. ನೀನು ಹೆದರಿದ್ದ ಹಾಗೆಯೇ ಆಗುತ್ತಿದೆ. ನನ್ನ ಕಣ್ಣ ಮುಂದೆಯೇ ಆಗುತ್ತಿದೆ, ನನಗೆ ತಡೆಯಲು ಬರುತ್ತಿಲ್ಲ.

ಇವರು ಒದರಬಾರದು ಎಂದು ನಿಶ್ಚಯ ಮಾಡಿದ್ದರು. ಎರಡು ದಿನ ನಡೆಯಿತು. ಮೂರನೆಯ ದಿನ "ಭಾವನವರ, ಮೊಸರು ಹಾಕ್ಲೇನು?" ಎಂದು ಒದರಿದ್ದಕ್ಕೆ ಪಕ್ಕದ ಫ್ಲಾಟಿನ ನೀಲಾ ಏನಾಯಿತೋ ಎಂದು ಗಾಬರಿಯಾಗಿ ಬಂದು "ಏಮೈಂದಿ ಆಂಟೀ?" ಎಂದು ಕೇಳಿ ಹೋದಳು. ಅವಳು ಪ್ರಸಾದ ಕೊಡಲು ಬಂದಿದ್ದಳು ಎಂದು ನಿನಗೆ ಸನ್ನೆ ಮಾಡಿದೆ. ಸುಳ್ಳು ಹೇಳಿದೆ.

ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಧನಶ್ರೀ ಆಫೀಸಿನ ಕಥೆ ಹೇಳಿದಳು. ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಯಾರೋ ದೊಡ್ಡ ಸಾಹೇಬರನ್ನು ಕರೆಯಲು ಹೂಮಾಲೆ ಹಿಡಿದು ಹೋಗಿ, ಬೇರೆ ಯಾರಿಗೋ ಹಾಕಿ, ಕಾರಿನಲ್ಲಿ ಕೂರಿಸಿಕೊಂಡು ಅರ್ಧ ದಾರಿ ಬಂದರಂತೆ. ಆ ಮನುಷ್ಯನೂ ಸುಮ್ಮನೆ ಬಂದನಂತೆ. ನಾವು ನಕ್ಕೆವು. ನೀನೂ ನಕ್ಕೆ. ನಾವು ನಗು ನಿಲ್ಲಿಸಿದ ಮೇಲೆ ನಕ್ಕೆ, ನಮ್ಮನ್ನು ನೋಡಿ. ಧನಶ್ರೀ ತಟ್ಟೆಯ ಕಡೆ ತಲೆ ಬಗ್ಗಿಸಿದಳು. ಆ ಕಥೆ ಇಷ್ಟೇ ಅಣ್ಣ, ಮೇಲೆ ಬರೆದಿದ್ದೇನೆ. ಅವಳು ಹೇಳಿದಾಗ ಇದಕ್ಕಿಂತ ಚೆನ್ನಾಗಿತ್ತು.

ಮಶೀನು ಹಾಕಿಕೋ ಎಂದು ಹೇಳಲು ಎರಡು ಸಲ ನಿನ್ನ ಬಾಗಿಲವರೆಗೆ ಬಂದೆ. ನೀನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಬಂದದ್ದು ನಿನಗೆ ತಿಳಿಯಲಿಲ್ಲ. ನಿಂತಿದ್ದು ವಾಪಸು ಹೋದೆ.

ಊಟವಾದ ಮೇಲೆ ನೀನೇ ಆಂಪ್ಲಿಫೈಯರ್ ಕಡೆ ಕೈ ತೋರಿಸಿ ಹಾಡು ಹಾಕೆಂದೆ. ಆ ಕರಿ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ "ಛಲೋ ಆರಿಸೀ" ಅಂದೆ. ನನಗೆ ಖುಷಿಯಾಗಬೇಕಿತ್ತು. ಸೋಫಾದ ಮೇಲೆ ನನ್ನ ಎದುರಿಗೆ ಕೂತು, ಸ್ಪೀಕರ್ ಕಡೆ ನೋಡದೆ ನನ್ನ ಮುಖ ನೋಡತೊಡಗಿದೆ. ಹಾಡು ನನ್ನ ಮುಖದಲ್ಲಿ ಬರುತ್ತದೆ ಎನ್ನುವ ಹಾಗೆ. ನಾನು ತಾಳಕ್ಕೆ ತಲೆದೂಗಿದೆ. ನೀನೂ ತೊಡೆಯ ಮೇಲೆ ಬೆರಳಾಡಿಸಿದೆ. ಸರಿಯಾಗಿಯೇ ಆಡಿಸಿದೆ, ಒಂದು ಪೆಟ್ಟೂ ತಪ್ಪಲಿಲ್ಲ.

ಆಗ ಹೇಳಲು ಆಗಲಿಲ್ಲ, ಈಗ ಬರೆಯುತ್ತೇನೆ. ಹಾಡು ಅಷ್ಟು ಹೊತ್ತು ಇರಲಿಲ್ಲ ಅಣ್ಣ. ಅದು ಯಾವಾಗಲೋ ಮುಗಿದಿತ್ತು. ಇವರು ಎದ್ದು ಹೋಗಿ ಮಲಗಿದ್ದರು. ಮನೆಯಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ನಿನ್ನ ಬೆರಳು ಆಡುತ್ತಲೇ ಇತ್ತು, ಅದಕ್ಕೆ ನಾನು ತಲೆದೂಗುತ್ತಲೇ ಇದ್ದೆ.

ಮಂದಾ